ಜಲ್ಲಿಹೊಂಡಕ್ಕೆ ದೋಣಿ ಬರಬೇಕೆ?

ಜಲ್ಲಿಯನ್ನು ಅಗೆದು ಸಾಗಿಸಿಯಾದ ಮೇಲೆ ಉಳಿಯುವ ಹೊಂಡ ಯಾರಿಗೆ ಸೇರತಕ್ಕುದು? ಇಂಗ್ಲೆಂಡಿನ ಪೂರ್ವಭಾಗದ ನಾರ್ವಿಚ್ ನಗರದ ಅಂಚಿನಲ್ಲಿ ಈ ಪ್ರಶ್ನೆ ಎದ್ದಿತು. ಯೇರ್ ನದಿಯ ಮಗ್ಗುಲಿಗೆ ಥಾರ್ಪ್ ಎಂಬ ಜವುಗುಭೂಮಿಯಿದೆ. ಅಲ್ಲಿನ ಜಲ್ಲಿಹೊಂಡದಲ್ಲಿ ನೀರು ತುಂಬಿ ಅದೀಗ ವಿಶಾಲವಾದೊಂದು ಕೆರೆಯೇ ಆಗಿದೆ. ಅದನ್ನು ನದಿಯ ದೋಣಿಗಳಿಗೆ ತೆರೆಯಿರೆಂದು ಒಂದು ಪಕ್ಷ. ಹಕ್ಕಿಗಳಿಗೆ ಬಿಡಿರೆಂದು ಇನ್ನೊಂದು ಪಕ್ಷ. ಸಮುದ್ರದಾಚೆಯ ಈ ಜಗಳ ನಮಗೇಕೆಂದು ವಾಚಕರು ಕೇಳಬಹುದು. ದೆಹಲಿಯ ದಕ್ಷಿಣದಂಚಿನ ಭಟ್ಟಿಯಲ್ಲಿ ಕೆಂಪು ಮರಳು ತೆಗೆದ ಗುಂಡಿಗಳಲ್ಲಿ ನೀರು ನಿಂತಿರುವುದನ್ನು ಅಲ್ಲಿನ ನಮ್ಮವರು ಬಲ್ಲರು; ಆ ನೆಲವನ್ನು 1991ರಲ್ಲಿ ಅಭಯಾರಣ್ಯಕ್ಕೆ ಸೇರಿಸಲಾಯಿತು. ನಗರ ಕಟ್ಟಲು ನೆಲ ಅಗೆದಲ್ಲೆಲ್ಲ ಈ ಪ್ರಶ್ನೆ ಬರುವಂಥದೇ.

ದೋಣಿಯವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆ ಸೀಮೆಗೆ ಬ್ರಾಡ್ಸ್ ಎಂದು ಹೆಸರು. ಅಗಲವಾದ ಕೆರೆಗಳಿಗೆ ಅಲ್ಲಿಯವರು ಬ್ರಾಡ್ ಎನ್ನುತ್ತಾರೆ. ಅವು ದೇವನಿರ್ಮಿತವೆಂದೇ ಎಲ್ಲರೂ ನಂಬಿದ್ದರು. 1950ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯಶಾಸ್ತ್ರಜ್ಞೆ ಕೆರೆಗಳ ಅಂಚಿನಲ್ಲಿ ನೆಲವನ್ನು ಕೊರೆದು ನೋಡಲಾಗಿ, ಅವೂ ಮನುಷ್ಯನು ತೋಡಿದ ಹೊಂಡಗಳೇ ಎಂದು ಗೊತ್ತಾಯಿತು. ಮಧ್ಯಯುಗದ ಜನ ಉರುವಲಿಗಾಗಿ ಪೀಟ್ ಎಂಬ ಸಸ್ಯಜನ್ಯ ಮಣ್ಣನ್ನು ಕಡಿದೊಯ್ದರು. ತರುವಾಯ ಸಮುದ್ರಮಟ್ಟ ಏರಿ ಗುಂಡಿಗಳು ತುಂಬಿದವು. ಹಳೆಯ ಹೊಂಡದಲ್ಲಿ ದೋಣಿ ಹೋಗಬಹುದಾದರೆ ಹೊಸ ಹೊಂಡ ಮಾಡಿದ ಪಾಪವೇನು? ಅದೂ ಅಲ್ಲದೆ, ಅರವತ್ತಕ್ಕೂ ಮಿಕ್ಕ ಬ್ರಾಡ್‌ಗಳಲ್ಲಿ ಅರ್ಧದಷ್ಟೂ ದೋಣಿಗೆ ತೆರೆದಿಲ್ಲ.

ಹಕ್ಕಿಗಳ ಪಕ್ಷಕ್ಕೂ ಇತಿಹಾಸವಿದೆ. ಆ ದೇಶದ ದೊಡ್ಡ ಜಾತಿಯ ಗುಳುಮುಳುಕ, ತಲೆಯ ಮೇಲೆ ಜುಟ್ಟಿರುವುದು, 1860ರ ಸುಮಾರಿಗೆ ನಿರ್ನಾಮದ ಅಂಚಿಗೆ ಬಂದಿತ್ತು. ಅದರ ಗರಿ ಸಿರಿವಂತ ಹೆಂಗಸರ ಉಡುಪಿನ ಅಲಂಕಾರಕ್ಕೆ ಬೇಕಾಗಿತ್ತು. ಕಾನೂನು ಅದನ್ನು ಕಾಯಿತು. ಆಮೇಲೆ ಅದು ಹಬ್ಬಿ ನೆಲೆಸಿದ ಜಾಗಗಳಲ್ಲಿ ಈ ಜಲ್ಲಿಹೊಂಡಗಳು ಮುಖ್ಯ. ಹಕ್ಕಿಯನ್ನು ಅಳಿಸಹೊರಟದ್ದು ನಾಗರಿಕತೆ, ಅದಕ್ಕೆ ಮನೆ ಕೊಟ್ಟದ್ದು ಅದೇ ನಾಗರಿಕತೆ ಬಿಸುಟುಹೋದ ಗುಂಡಿ! ಈ ಹಕ್ಕಿ ಜೊಂಡಿಗೆ ತೊಡರಿಸಿ ನೀರಿನ ಮೇಲೆ ತೇಲುವ ಗೂಡು ಕಟ್ಟುತ್ತದೆ. ಮೋಟಾರು ದೋಣಿಯೊಂದು ಭರದಿಂದ ಹಾದುಹೋದರೆ ಎದ್ದ ಅಲೆಗೆ ಮೊಟ್ಟೆ ನೀರುಪಾಲು.

ನಮ್ಮ ಮಟ್ಟಿಗೆ, ದೋಣಿಗಿಂತ ದಡ ಕಡಿಯುವ ಮಾತೇ ಹೆಚ್ಚಿನದು. ಜಲ್ಲಿಹೊಂಡದ ನೀರು ಬಹುಮಟ್ಟಿಗೆ ಅಂತರ್ಜಲದ ಒರತೆ, ತಿಳಿಯಾದದ್ದು. ನದಿಯ ನೀರು ಹೊಲದ ಗೊಬ್ಬರವನ್ನೂ ಊರಿನ ಚರಂಡಿಯ ಶೇಷವನ್ನೂ ಹೊತ್ತು ತರುತ್ತದೆ. ಯೇರ್ ನದಿಗೆ ಭರತ ಇಳಿತಗಳುಂಟು. ಒಮ್ಮೆ ಬಾಯಿ ತೆರೆದರೆ ದಿನಕ್ಕೆರಡು ಸಲ ಆ ನೀರು ಒಳನುಗ್ಗುವುದು. ಪಾಚಿ ಬೆಳೆದು, ಬೆಳಕು ತಳ ಮುಟ್ಟದೆ, ನೀರೊಳಗಿನ ಗಿಡಗಳು ಸಾಯುವುವು.

ಇದು ಬರಿಯ ಊಹೆಯಲ್ಲ. ಬ್ಯೂರ್ ನದಿಯ ಬದಿಯ ಕಾಕ್‌ಶೂಟ್ ಬ್ರಾಡ್ ಹೀಗೆಯೇ ಕೆಸರು ತುಂಬಿ ಹಾಳಾಗಿತ್ತು. 1982ರಲ್ಲಿ ಅಡ್ಡಕಟ್ಟೆ ಹಾಕಿ ನದಿಯಿಂದ ಅದನ್ನು ಬೇರ್ಪಡಿಸಿ ಹೂಳೆತ್ತಿದರು. ನೀರೊಳಗಿನ ಗಿಡಗಳು ಮರಳಿ ಬಂದವು. ಅಲ್ಲಿ ಕಟ್ಟೆ ಕಟ್ಟಿ ಉಳಿಸಿಕೊಂಡದ್ದನ್ನು ಇಲ್ಲಿ ಕಟ್ಟೆ ಕಡಿದು ಕಳೆಯಬೇಕೆ?

ಕಾನೂನಿನ ನೆರವೂ ಈ ವಿಷಯದಲ್ಲಿ ಪೂರ್ಣವಾಗಿಲ್ಲ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಸರ್ಗಕ್ಕೂ ವಿಹಾರಕ್ಕೂ ಹೊಂದಿಕೆಯೇ ಆಗದಿದ್ದಾಗ ನಿಸರ್ಗದ ಕೈ ಮೇಲು. ಬ್ರಾಡ್ಸ್ ಸೀಮೆಗಾದರೋ 1988ರ ಬೇರೆಯದೇ ಶಾಸನವುಂಟು. ನಿಸರ್ಗರಕ್ಷಣೆ, ಜನರ ವಿಹಾರ, ದೋಣಿಸಂಚಾರ ಈ ಮೂರನ್ನೂ ಸಮನಾಗಿ ಕಾಯಬೇಕೆಂದು ಅಲ್ಲಿನ ಪ್ರಾಧಿಕಾರಕ್ಕೆ ಹೊಣೆ. ಮೂವರು ಮಕ್ಕಳಿಗೆ ಒಂದೇ ಹೋಳಿಗೆ ಹಂಚುವ ತಾಯಿಯ ಪಾಡು.

ದೋಣಿಯೆಂದರೆ ನಮಗೆ ದ್ವೇಷವಿಲ್ಲ. ರಜೆಗೆ ಊರಿಗೆ ಹೋದಾಗ ರಂಗನತಿಟ್ಟಿನಲ್ಲಿ ದೋಣಿ ಹತ್ತದವರಾರು? ಅಲ್ಲಿ ಅಂಬಿಗನು ಹುಟ್ಟು ಹಾಕುತ್ತ ಕೊಕ್ಕರೆಗಳ ಗೂಡಿನ ಸಮೀಪಕ್ಕೇ ಒಯ್ಯುತ್ತಾನೆ, ಹಕ್ಕಿಗಳು ಕದಲುವುದಿಲ್ಲ. ಕಾವೇರಿಗೆ ಪ್ರವಾಹ ಬಂದಾಗ ದೋಣಿ ನಿಲ್ಲುತ್ತದೆ, ಯಾರೂ ತಕರಾರು ಮಾಡುವುದಿಲ್ಲ. ಜಲ್ಲಿಹೊಂಡದಲ್ಲಿಯೂ ಗೂಡಿನ ಕಾಲ ಕಳೆದ ಮೇಲೆ, ದಡದ ಮೇಲಿಂದ ಹೊತ್ತು ತಂದು ಇಳಿಸುವ ಕೆಲವೇ ಹುಟ್ಟುದೋಣಿಗಳಿಗೆ ಒಂದು ಮಗ್ಗುಲನ್ನು ಬಿಟ್ಟುಕೊಟ್ಟರೆ ನಮ್ಮ ಆಕ್ಷೇಪವಿಲ್ಲ. ಮೋಟಾರು ದೋಣಿಯವರಿಗೆ ಬ್ರಾಡ್ಸ್‌ನಲ್ಲಿ ಸುಮಾರು 200 ಕಿಲೋಮೀಟರು ಜಲಮಾರ್ಗ ಆಗಲೇ ತೆರೆದಿದೆ. ಕಾಕ್‌ಶೂಟಿಗೆ ಬರುವವರು ನದಿಯಲ್ಲೇ ದೋಣಿ ಕಟ್ಟಿ, ಜೊಂಡಿನ ನಡುವಣ ಹಲಗೆಯ ಹಾದಿಯಲ್ಲಿ ನಡೆದುಹೋಗಿ ಕೆರೆಯನ್ನು ನೋಡುತ್ತಾರೆ. ಥಾರ್ಪಿನಲ್ಲಿಯೂ ನಡೆದೇ ನೋಡಬಹುದು.