ಹಳೇ ಕಂಪ್ಯೂಟರಿಗೆ ಯಾವ ಲಿನಕ್ಸ್?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಅದಕ್ಕೂ ಹೊಸ ಪ್ರೊಸೆಸರ್ ಬೇಕು. ಪರಶುರಾಂಪುರದಂಥ ಹೋಬಳಿ ಊರಿನಲ್ಲಿ ಪಹಣಿ ತೆಗೆದುಕೊಡುವ ಅಂಗಡಿಯಲ್ಲೋ ಶಾಲೆಯ ಲ್ಯಾಬಿನಲ್ಲೋ ಇರುವ ಹತ್ತು ವರ್ಷದ ಯಂತ್ರ ಈ ಪರೀಕ್ಷೆ ಪಾಸಾಗುವುದಿಲ್ಲ. ಹಾಗೆಂದು ಗುಜರಿಗೆ ಹಾಕಬೇಕಿಲ್ಲ, ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಬಹುದು.

ಯಂತ್ರ ತೆವಳುವುದಕ್ಕೆ ಪ್ರೊಸೆಸರಿಗೆ ವಯಸ್ಸಾದದ್ದೊಂದೇ ಕಾರಣವಲ್ಲ. ರ್‍ಯಾಮ್ ತುಂಬಿದಾಗ ಆಪರೇಟಿಂಗ್ ಸಿಸ್ಟಂ ಕೆಲವು ಮಾಹಿತಿಯನ್ನು ಹಾರ್ಡ್ ಡಿಸ್ಕಿಗೆ ಇಳಿಸಿ, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತದೆ. ರ್‍ಯಾಮಿನಿಂದ ಓದಲು ಸುಮಾರು 100 ನ್ಯಾನೋಸೆಕೆಂಡು ಸಾಕು. ತಿರುಗುವ ಡಿಸ್ಕಿನಲ್ಲಿ ಜಾಗ ಹುಡುಕಲು ಸುಮಾರು 10 ಮಿಲಿಸೆಕೆಂಡು, ಅಂದರೆ ಲಕ್ಷ ಪಟ್ಟು ಹೆಚ್ಚು. ಮೌಸ್ ಒತ್ತಿ ಚಹಾ ಕುಡಿದು ಬರುವಷ್ಟು ಹೊತ್ತು ಕಾಯಿಸುವುದು ಈ ಇಳಿಸಾಟ, ಏರಿಸಾಟ. ಹಾಗಾಗಿ ಕಡಿಮೆ ರ್‍ಯಾಮ್ ಬೇಡುವ ಹಗುರ ಲಿನಕ್ಸ್ ಬೇಕು.

ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ ಕರ್ನಲ್ ಎಂಬ ತಿರುಳೇ ಎಲ್ಲ ಲಿನಕ್ಸ್‌ಗಳ ಒಳಗಿರುವುದು. ಹಗುರ, ಭಾರ ಎಂಬ ವ್ಯತ್ಯಾಸ ಬಹುಪಾಲು ಬರುವುದು ಅದರ ಮೇಲೆ ಕೂರುವ, ಪರದೆಯಲ್ಲಿ ನಮಗೆ ಕಾಣುವ ಡೆಸ್ಕ್‌ಟಾಪಿನಿಂದ. 4 ಜಿಬಿ ರ್‍ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನ ಲಿನಕ್ಸ್ ಮಿಂಟ್ ಹಾಕಿ, ವಿಂಡೋಸ್ ರೂಢಿಯಿದ್ದವರಿಗೆ ತಡವರಿಕೆ ಕಡಿಮೆ. 2 ಜಿಬಿಗೆ ಲುಬುಂಟು. 32 ಬಿಟ್ ಯಂತ್ರವಾದರೆ ಆಯ್ಕೆ ಕುಗ್ಗುತ್ತಿದೆ, 2025ರ ಡೆಬಿಯನ್ 13 ಕೂಡ ಅದಕ್ಕೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿತು. ಅಂಥದ್ದಕ್ಕೆ ಆಂಟಿಎಕ್ಸ್ ನೋಡಬಹುದು.

ಆದರೆ ಯಾವ ಲಿನಕ್ಸ್ ಹಾಕಿದರೂ ಬ್ರೌಸರ್ ಹಗುರವಾಗುವುದಿಲ್ಲ. ಎಂಟು ಟ್ಯಾಬ್ ತೆರೆದರೆ ಉಳಿಸಿದ ರ್‍ಯಾಮೆಲ್ಲ ಅದರ ಪಾಲು. ಅತಿ ಹಗುರವಾದದ್ದನ್ನು ಹುಡುಕುತ್ತ ವಾರಗಟ್ಟಲೆ ಕಳೆಯುವ ಬದಲು, ಹಳೇ ಡಿಸ್ಕ್ ತೆಗೆದು, ತಿರುಗುವ ಭಾಗವಿಲ್ಲದ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿ, ಸಾಧ್ಯವಾದರೆ ರ್‍ಯಾಮ್ ಹೆಚ್ಚಿಸಿ. ನನ್ನ ಮಟ್ಟಿಗೆ ಯಾವ ಲಿನಕ್ಸ್ ಎಂಬ ಆಯ್ಕೆಗಿಂತ ಇದೇ ದೊಡ್ಡ ನಿರ್ಧಾರ.

ಕನ್ನಡಕ್ಕೆ ತೊಂದರೆಯಿಲ್ಲ. ನುಡಿ ತಂತ್ರಾಂಶ ವಿಂಡೋಸಿನದಾದರೂ ಅದರ ಕೀಲಿಮಣೆ ವಿನ್ಯಾಸ ಲಿನಕ್ಸಿನ ಟೈಪಿಂಗ್ ಸಾಧನವಾದ ಐಬಸ್‌ನಲ್ಲಿ ಕೆಜಿಪಿ ಹೆಸರಿನಲ್ಲಿ ಸಿಗುತ್ತದೆ. ಹಳೆಯ ನುಡಿ ಫಾಂಟಿನ ಕಡತಗಳನ್ನು ಮಾತ್ರ ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಕಾಸರಗೋಡಿನ ಸರ್ಕಾರಿ ಶಾಲೆಗಳ ಕನ್ನಡ ಮಾಧ್ಯಮದ ಮಕ್ಕಳು ಐಟಿ ಪಾಠ ಕಲಿಯುತ್ತಿರುವುದೇ ಉಬುಂಟು ಆಧಾರಿತ ವ್ಯವಸ್ಥೆಯಲ್ಲಿ.

ಬೆರಳಗುರುತು ಓದುವ ಸಾಧನ, ಡಿಜಿಟಲ್ ಸಹಿಯ ಟೋಕನ್ ಇಟ್ಟುಕೊಂಡ ಅಂಗಡಿಯವರು ಅವಸರಪಡಬೇಡಿ. ಇವುಗಳಲ್ಲಿ ಕೆಲವಕ್ಕೆ ಡ್ರೈವರ್ ಬರುವುದು ವಿಂಡೋಸಿಗೆ ಮಾತ್ರ. ಕೆಲವು ಹಳೇ ಲೇಸರ್ ಪ್ರಿಂಟರುಗಳೂ ಸತಾಯಿಸುತ್ತವೆ. ಕಡತಗಳನ್ನು ಬೇರೆಡೆ ನಕಲಿಸಿಟ್ಟು, ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ಓಡಿಸಿ, ನಿಮ್ಮದೇ ಪ್ರಿಂಟರಿನಲ್ಲಿ ಒಂದು ಕನ್ನಡ ಪುಟ ಮುದ್ರಿಸಿ ನೋಡಿ. ಸರಿಯಾಗಿ ಬಂದ ಮೇಲೆ ಇನ್‌ಸ್ಟಾಲ್ ಒತ್ತಿ.