ಹರಾಜು ಗೆದ್ದರೂ ದುಡ್ಡು ಕಟ್ಟುವುದೇ ಕಷ್ಟ, ಯಾಕೆ?

ಪ್ರಶ್ನೆ: ವಿದೇಶಿ ಹರಾಜು ತಾಣದಲ್ಲಿ ಹಳೆಯ ಅಂಚೆಚೀಟಿಗೆ ಕೂಗಿ ಗೆದ್ದೆ. ಹಣ ಕಟ್ಟಲು ಹೋದರೆ ಕಾರ್ಡ್ ತಿರಸ್ಕೃತ. ಏಕೆ ಹೀಗೆ? – ಓದುಗರೊಬ್ಬರು, ಮಾಸ್ತಿ, ಮಾಲೂರು ತಾಲ್ಲೂಕು

ಉತ್ತರ: ಮೊದಲು ಕಾರ್ಡನ್ನೇ ನೋಡಬೇಕು. ರಿಸರ್ವ್ ಬ್ಯಾಂಕಿನ 2020ರ ಆದೇಶದಂತೆ ಹೊಸ ಕಾರ್ಡುಗಳಲ್ಲಿ ಆನ್‌ಲೈನ್ ಮತ್ತು ವಿದೇಶಿ ವಹಿವಾಟು ಬಂದ್ ಆಗಿಯೇ ಬರುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲಿ ಗ್ರಾಹಕರೇ ತೆರೆದುಕೊಳ್ಳಬೇಕು. ಬಹುತೇಕ ಗೋಳು ಇಲ್ಲಿಗೇ ಮುಗಿಯುತ್ತದೆ.

ಮುಗಿಯದವರ ಕಥೆ ಉದ್ದ. ಕೋಲಾರದ ಎಪಿಎಂಸಿಯಲ್ಲಿ ಟೊಮ್ಯಾಟೊ ಬಾಕ್ಸುಗಳ ಮುಂದೆ ಕೂಗು ನಡೆದಾಗ ರೈತ, ವ್ಯಾಪಾರಿ ಇಬ್ಬರೂ ಎದುರಿಗಿರುತ್ತಾರೆ, ನಡುವೆ ಮಂಡಿಯವರಿರುತ್ತಾರೆ. ಆನ್‌ಲೈನ್ ಹರಾಜಿನಲ್ಲಿ ಯಾರಿಗೆ ಯಾರೂ ಗೊತ್ತಿಲ್ಲ. 2004ರಲ್ಲಿ ಬಾಝೀ ಡಾಟ್ ಕಾಮ್ ಅನ್ನು ಕೊಂಡು ಭಾರತಕ್ಕೆ ಬಂದ ಹರಾಜು ತಾಣ ಇಬೇ, ಈ ಅಪನಂಬಿಕೆ ನೀಗಲೆಂದೇ ‘ಪೈಸಾಪೇ’ ನಡೆಸುತ್ತಿತ್ತು: ಕೊಂಡವರ ಹಣ ನೇರ ಮಾರಿದವರ ಕೈಸೇರದೆ ನಡುವೆ ನಿಲ್ಲುತ್ತಿತ್ತು. ಒಳ್ಳೆಯ ಏರ್ಪಾಡೇ. ಆದರೆ 2017ರಲ್ಲಿ ಇಬೇ ಇಂಡಿಯಾ ಫ್ಲಿಪ್‌ಕಾರ್ಟ್ ಪಾಲಾಗಿ, ಮರುವರ್ಷ ಬಾಗಿಲು ಹಾಕಿತು.

ವಿದೇಶಕ್ಕೆ ಮಾರುವವರ ಪಾಡೂ ಸುಖವಿರಲಿಲ್ಲ. 2011ರಲ್ಲಿ ರಿಸರ್ವ್ ಬ್ಯಾಂಕ್ ನಿಯಮದಿಂದಾಗಿ ಆನ್‌ಲೈನ್ ಪಾವತಿ ಸೇವೆಯಾದ ಪೇಪಾಲ್ ಮೂಲಕ ಒಮ್ಮೆಗೆ 500 ಡಾಲರಿಗಿಂತ ಹೆಚ್ಚು ಪಡೆಯುವಂತಿರಲಿಲ್ಲ; ಬಂದ ಹಣವನ್ನು ಅಲ್ಲೇ ಇಟ್ಟು ಬೇರೇನೋ ಕೊಳ್ಳುವಂತೆಯೂ ಇರಲಿಲ್ಲ, ಬ್ಯಾಂಕ್ ಖಾತೆಗೇ ತರಬೇಕಿತ್ತು. 2021ರ ಏಪ್ರಿಲ್ 1ರಿಂದ ಪೇಪಾಲ್ ದೇಶದೊಳಗಿನ ಪಾವತಿಯನ್ನೇ ನಿಲ್ಲಿಸಿ, ವಿದೇಶಿ ವ್ಯವಹಾರವನ್ನಷ್ಟೇ ಉಳಿಸಿಕೊಂಡಿತು.

ಹಾಗಾಗಿ ಮಾಸ್ತಿಯ ಓದುಗರು ಕೂಗುವ ಮೊದಲೇ ಮಾರಾಟಗಾರರು ಯಾವ ಪಾವತಿ ಒಪ್ಪುತ್ತಾರೆಂದು ನೋಡಿಕೊಳ್ಳಲಿ. ಡಾಲರ್ ವಿನಿಮಯದ ಶುಲ್ಕ, ಸುಂಕ ಬೇರೆ. ‘ತಾಣದ ಹೊರಗೆ ನೇರ ಹಣ ಕಳಿಸಿ’ ಎನ್ನುವವರಿಗೆ ಮಾತ್ರ ಬಿಡಿಗಾಸೂ ಕಳಿಸಬಾರದು.