ಜೀವನಾಂಶ: ಈ ಕಾಲುಭಾಗದ ಲೆಕ್ಕ ಎಲ್ಲಿಂದ ಬಂತು?

ವಿಚ್ಛೇದನದ ಮಾತು ಎದ್ದ ಮನೆಯಲ್ಲಿ ಯಾರಾದರೊಬ್ಬರು ‘ಸಂಬಳದ ಕಾಲುಭಾಗ ಕೊಡಲೇಬೇಕಂತೆ’ ಎಂದು ಹೇಳಿಯೇ ಹೇಳುತ್ತಾರೆ. ಹುಡುಗನ ಕಡೆಯವರು ಹೆದರಿ ಹೇಳುತ್ತಾರೆ, ಹುಡುಗಿಯ ಕಡೆಯವರು ಧೈರ್ಯಕ್ಕೆ ಹೇಳುತ್ತಾರೆ. ಅಂಥ ಕಾನೂನು ನಮ್ಮ ದೇಶದಲ್ಲಿ ಇಲ್ಲ.

ಈ ಅಂಕಿ ಹಬ್ಬಿದ್ದು 2017ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪಿನಿಂದ. ಗಂಡನ ಕೈಗೆ ಸಿಗುವ ಸಂಬಳದ ಶೇ 25ರಷ್ಟು ಜೀವನಾಂಶ ನ್ಯಾಯಯುತ ಎಂದು ಕೋರ್ಟು ಅಲ್ಲಿ ಹೇಳಿತು, ನಿಜ. ಅದಕ್ಕೆ 1970ರ ಹಳೆಯ ತೀರ್ಪೊಂದರ ಆಧಾರವೂ ಇತ್ತು. ಆದರೆ ಮುಂದೆ ಓದಿದವರು ಕಡಿಮೆ. ಆ ಗಂಡನ ನಿವ್ವಳ ಸಂಬಳ ತಿಂಗಳಿಗೆ 95,527 ರೂಪಾಯಿ. ಹೆಂಡತಿ ಮತ್ತು ಮಗನಿಗೆ 23,000 ಕೊಡಬೇಕೆಂದು ಹೈಕೋರ್ಟ್ ಹೇಳಿತ್ತು. ಆತ ಮರುಮದುವೆಯಾಗಿ ಇನ್ನೊಂದು ಮಗುವಿನ ತಂದೆಯೂ ಆಗಿದ್ದಾನೆಂದು ಸುಪ್ರೀಂ ಕೋರ್ಟು ಅದನ್ನು 20,000ಕ್ಕೆ ಇಳಿಸಿತು. ಲೆಕ್ಕ ಹಾಕಿದರೆ ಸುಮಾರು ಶೇ 21. ಶೇ 25 ಎಂದು ಬರೆದ ತೀರ್ಪಿನಲ್ಲೇ ಶೇ 25 ಸಿಗಲಿಲ್ಲ!

ಹಾಗಾದರೆ ಮೊತ್ತ ನಿಂತಿರುವುದು ಯಾವುದರ ಮೇಲೆ? ಬಹುಮಟ್ಟಿಗೆ ಒಂದು ಪ್ರಮಾಣಪತ್ರದ ಮೇಲೆ. 2020ರ ನವೆಂಬರ್ 4ರಂದು ‘ರಜನೇಶ್ ವಿರುದ್ಧ ನೇಹಾ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಅರ್ಜಿ ಬಂದಾಗ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ವಿವರವನ್ನು ಪ್ರಮಾಣ ಮಾಡಿ ಸಲ್ಲಿಸಲೇಬೇಕೆಂದು ಹೇಳಿತು. ಬ್ಯಾಂಕ್ ಖಾತೆ, ವಿಮೆ, ಷೇರು, ಚಿನ್ನ, ವಾಹನ, ಮನೆಬಾಡಿಗೆ, ಮಕ್ಕಳ ಫೀಸು, ಅವಲಂಬಿತರು ಎಲ್ಲ ಅದರಲ್ಲಿ ಬರಬೇಕು. ಎದುರು ಪಕ್ಷದವರಿಗೆ ಹೆಚ್ಚೆಂದರೆ ನಾಲ್ಕು ವಾರ. ಬೇಕೆಂದೇ ವಾಯಿದೆ ಕೇಳುತ್ತಾ ಹೋದರೆ ಅವರ ವಾದವನ್ನೇ ಕೈಬಿಟ್ಟು ಮುಂದುವರಿಯುವ ಅಧಿಕಾರ ಕೋರ್ಟಿಗಿದೆ. ಮಧ್ಯಂತರ ಜೀವನಾಂಶ ನಾಲ್ಕರಿಂದ ಆರು ತಿಂಗಳಲ್ಲಿ ತೀರ್ಮಾನವಾಗಬೇಕು ಎಂಬುದು ಆಶಯ. ಆಶಯ ಎಂದೆ, ಏಕೆಂದರೆ ನಮ್ಮ ಕೌಟುಂಬಿಕ ನ್ಯಾಯಾಲಯಗಳ ವಾಯಿದೆ ಪಟ್ಟಿ ನೋಡಿದವರಿಗೆ ಬೇರೆ ಪದ ಹೊಳೆಯುವುದಿಲ್ಲ.

ಕೃಷಿಕರಿಗೆ ಈ ಪ್ರಮಾಣಪತ್ರದ ನಮೂನೆಯೇ ಬೇರೆ. ನೌಕರಿಯಲ್ಲಿರುವವರ ಸಂಬಳದ ಚೀಟಿ ಅಡಗಿಸುವುದು ಕಷ್ಟ. ನಿಜವಾದ ಗೋಜಲು ಇರುವುದು ತೋಟ, ಅಂಗಡಿ, ಗುತ್ತಿಗೆ ಕೆಲಸದವರ ಮನೆಗಳಲ್ಲಿ. ಅಡಿಕೆ ತೋಟದ ಪಹಣಿ ಅಪ್ಪನ ಹೆಸರಲ್ಲಿ, ಮಂಡಿಯ ದುಡ್ಡು ಅಣ್ಣನ ಖಾತೆಗೆ, ಕಾರು ಅಮ್ಮನ ಹೆಸರಲ್ಲಿ. ‘ನನಗೇನೂ ಆದಾಯವಿಲ್ಲ ಸ್ವಾಮಿ’ ಎಂಬ ಹೇಳಿಕೆ. ಇಂಥಲ್ಲಿ ಹೆಂಡತಿಯ ಕಡೆಯವರು ಬಾಯಿಮಾತಿನ ಆರೋಪ ಬಿಟ್ಟು ಮಕ್ಕಳ ಶಾಲೆಯ ಫೀಸಿನ ರಸೀದಿ, ಮದುವೆಯಾದ ಮೇಲೆ ಕೊಂಡ ವಾಹನ, ಕಟ್ಟಿದ ವಿಮೆಯ ಕಂತು, ಯುಪಿಐ ದಾಖಲೆಗಳನ್ನು ಮುಂದಿಡಬೇಕು. ಆದಾಯ ಕಾಣದಿದ್ದರೂ ಬದುಕಿದ ರೀತಿ ಕಾಣುತ್ತದೆ, ನ್ಯಾಯಾಧೀಶರು ಅದನ್ನೇ ಹಿಡಿದು ಅಂದಾಜು ಕಟ್ಟುತ್ತಾರೆ. ಕೆಲಸವಿಲ್ಲ ಎಂದರೂ, ಮೈಯಲ್ಲಿ ಶಕ್ತಿಯಿರುವವನು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಮತ್ತೊಮ್ಮೆ ಹೇಳಿದೆ. ಹೆಂಡತಿ ತನ್ನ ಸಂಬಳ ಮುಚ್ಚಿಟ್ಟರೂ ಪೆಟ್ಟು ಅಷ್ಟೇ ಬಲವಾಗಿ ಬೀಳುತ್ತದೆ.

ಒಂದು ಕಲ್ಪಿತ ಲೆಕ್ಕ ನೋಡೋಣ. ಗಂಡನ ಕೈಗೆ ತಿಂಗಳಿಗೆ 80,000, ಖಾಸಗಿ ಶಾಲೆಯ ಶಿಕ್ಷಕಿಯಾದ ಹೆಂಡತಿಗೆ 20,000. ಏಳು ವರ್ಷದ ಮಗಳು ತಾಯಿಯ ಜೊತೆಗಿದ್ದಾಳೆ. ಫೀಸು, ಸ್ಕೂಲ್ ವ್ಯಾನು, ಊಟ, ಬಾಡಿಗೆಯಲ್ಲಿ ಅವಳ ಪಾಲು ಸೇರಿ ಮಗಳ ಖರ್ಚು 20,000. ಇಬ್ಬರೂ ದುಡಿಯುತ್ತಿದ್ದರೆ ಮಗುವಿನ ಖರ್ಚನ್ನು ಆದಾಯಕ್ಕೆ ತಕ್ಕಂತೆ ಹಂಚಬಹುದು ಎಂಬುದು ಈಗಿನ ಸೂತ್ರ. ಆದಾಯ ನಾಲ್ಕಕ್ಕೆ ಒಂದು. ತಂದೆಯದು 16,000, ತಾಯಿಯದು 4,000. ‘ಫ್ಲಾಟಿನ ಇಎಂಐ 35,000 ಕಟ್ಟುತ್ತೇನೆ’ ಎಂದು ಗಂಡ ಹೇಳಿದರೆ? ಆದಾಯ ತೆರಿಗೆ, ಕಡ್ಡಾಯ ಭವಿಷ್ಯನಿಧಿ ಕಳೆಯುವುದು ಸರಿ. ಆದರೆ ಇಎಂಐ ಕೊನೆಗೆ ಅವನದೇ ಆಸ್ತಿಯಾಗುವುದರಿಂದ ಅದನ್ನು ಪೂರ್ತಿ ಕಳೆಯಲು ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಈ ಸೂತ್ರ ಲೆಕ್ಕಕ್ಕೆ ಚೆಂದ. ಆದರೆ ಮಗುವಿಗೆ ಜ್ವರ ಬಂದ ದಿನ ರಜೆ ಹಾಕುವವರು ಯಾರು, ಅದರಿಂದ ಬಡ್ತಿ ತಪ್ಪಿಸಿಕೊಳ್ಳುವವರು ಯಾರು ಎಂಬುದು 4,000ದ ಒಳಗೆ ಬರುವುದಿಲ್ಲ. ನನ್ನ ಮಟ್ಟಿಗೆ ಅನ್ಯಾಯದ ದೊಡ್ಡ ಪಾಲು ಇಲ್ಲೇ ಇದೆ.

ಇನ್ನೊಂದು ಕಡೆಯ ದೂರೂ ಸುಳ್ಳಲ್ಲ. 2024ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಕಲಾಪದ ವಿಡಿಯೊ ಒಂದು ಎಲ್ಲರ ಮೊಬೈಲಿನಲ್ಲಿ ಓಡಾಡಿತು. ಮಹಿಳೆಯೊಬ್ಬರು ತಿಂಗಳಿಗೆ 6,16,300 ರೂಪಾಯಿ ಕೇಳಿದ್ದರು. ಅಷ್ಟು ಖರ್ಚು ಮಾಡುವ ಆಸೆಯಿದ್ದರೆ ಅವರೇ ದುಡಿಯಲಿ ಎಂದು ನ್ಯಾಯಮೂರ್ತಿಗಳು ಗದರಿದರು. ಹೆಂಡತಿಯನ್ನು ಗಂಡನಷ್ಟೇ ಸಿರಿವಂತೆ ಮಾಡುವುದು ಜೀವನಾಂಶದ ಕೆಲಸವಲ್ಲ ಎಂದು ಅದೇ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಹಾಗೆಂದು ‘ಎಂಎ ಓದಿದ್ದಾಳೆ, ದುಡಿಯಲಿ’ ಎಂದ ಮಾತ್ರಕ್ಕೆ ಗಂಡ ಪಾರಾಗುವುದಿಲ್ಲ. ದುಡಿಯಬಲ್ಲವಳು ಬೇರೆ, ದುಡಿಯುತ್ತಿರುವವಳು ಬೇರೆ. ಬೀದಿಗೆ ಬಿದ್ದರೆ ಮಾತ್ರ ಹಕ್ಕು ಹುಟ್ಟುತ್ತದೆ ಎಂಬುದೂ ಇಲ್ಲ.

ಯಾವ ಕಾನೂನಿನಡಿ ಕೇಳುವುದು? ಯಾವ ಧರ್ಮದವರಿಗೂ ತೆರೆದಿರುವ ಬಾಗಿಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ಮರುಮದುವೆಯಾಗದ ವಿಚ್ಛೇದಿತೆಯೂ ಇದರಲ್ಲಿ ‘ಪತ್ನಿ’ಯೇ. ಹಿಂದೂ ವಿವಾಹ ಕಾಯ್ದೆಯ 24 ಮತ್ತು 25ನೇ ಸೆಕ್ಷನ್ನುಗಳಲ್ಲಿ ಗಂಡನೂ ಕೇಳಬಹುದು. ಕೌಟುಂಬಿಕ ದೌರ್ಜನ್ಯ ಕಾಯ್ದೆಯ ದಾರಿ ಪ್ರತ್ಯೇಕ. ಎರಡು ಮೂರು ಕಡೆ ಅರ್ಜಿ ಹಾಕಿದರೆ ಹಿಂದಿನ ಆದೇಶವನ್ನು ಹೇಳಲೇಬೇಕು, ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಹೊಂದಿಸುತ್ತಾರೆ.

ಆದೇಶ ಬಂದ ಮೇಲೆ ವಸೂಲಿ. ಜೀವನಾಂಶ ಲೆಕ್ಕಕ್ಕೆ ಬರುವುದು ಅರ್ಜಿ ಹಾಕಿದ ದಿನದಿಂದ. 30 ತಿಂಗಳ ನಂತರ 10,000ದ ಆದೇಶವಾದರೆ ಆ ದಿನವೇ 3 ಲಕ್ಷ ಬಾಕಿ. ಮಧ್ಯಂತರವಾಗಿ ಕೊಟ್ಟದ್ದನ್ನು ಮಾತ್ರ ಕಳೆಯಬೇಕು. ಗಂಡಂದಿರು ಬೆಚ್ಚುವುದು ಇಲ್ಲಿ. ಹೆಂಗಸರು ಎಡವುವುದು ಇನ್ನೊಂದು ಕಡೆ: 144ರಡಿ ವಾರಂಟು ಬೇಕಿದ್ದರೆ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ‘ಕೊಡ್ತೀನಿ ಕೊಡ್ತೀನಿ’ ಎಂಬ ಮಾತು ನಂಬಿ ಸುಮ್ಮನಿದ್ದರೆ ಆ ದಾರಿ ಮುಚ್ಚಿತು. ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಾಗಬಹುದು, ಜೈಲಿಗೆ ಹೋಗಿಬಂದರೂ ಸಾಲ ತೀರುವುದಿಲ್ಲ. ಸಂಬಳದಾರನಾದರೆ ಜಪ್ತಿಯೇ ಮೇಲು: ಜೀವನಾಂಶದ ಡಿಕ್ರಿಗೆ ಸಂಬಳದ ಮೂರನೇ ಒಂದು ಭಾಗ ಮಾತ್ರ ಮುಟ್ಟುವ ಹಾಗಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲದ ಮಹಿಳೆ 15100ಕ್ಕೆ ಫೋನ್ ಮಾಡಬಹುದು. ಉಚಿತ ಕಾನೂನು ನೆರವಿಗೆ ಮಹಿಳೆಯರಿಗೆ ಆದಾಯದ ಮಿತಿ ಇಲ್ಲ.

ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುವವರು ಒಪ್ಪಂದ ಬರೆಯುವಾಗ ಮುಂದಿನ ಹತ್ತು ವರ್ಷ ನೋಡುವುದಿಲ್ಲ. ಇಂದಿನ 15,000 ಮಗಳು ಹೈಸ್ಕೂಲಿಗೆ ಬರುವಷ್ಟರಲ್ಲಿ ಸವೆದಿರುತ್ತದೆ, ಹೆಚ್ಚಿಸಲು ಮತ್ತೆ ಅರ್ಜಿ, ಮತ್ತೆ ವಾಯಿದೆ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಮಹಿಳೆಗೆ ತಿಂಗಳಿಗೆ 50,000 ಗೊತ್ತುಮಾಡಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆಯನ್ನೂ ಆದೇಶದಲ್ಲೇ ಸೇರಿಸಿತು. ಅಂಥ ಸಾಲನ್ನು ನಿಮ್ಮ ಒಪ್ಪಂದದಲ್ಲೂ ಬರೆಸಿ. ಇನ್ನೊಂದು ಸಾಲೂ ಬೇಕು: 144ರ ರಕ್ಷಣೆ ಆರೋಗ್ಯವಂತ ಮಗನಿಗೆ 18ಕ್ಕೆ ಮುಗಿಯುತ್ತದೆ, ಎಂಜಿನಿಯರಿಂಗ್ ಫೀಸು ಶುರುವಾಗುವುದೂ ಅದೇ ವಯಸ್ಸಿನಲ್ಲಿ. ಕಾಲೇಜು ಮುಗಿಯುವವರೆಗಿನ ಖರ್ಚು ಯಾರದು, ಎಷ್ಟು, ಯಾವ ಖಾತೆಗೆ ಎಂಬುದನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.